‘ಅಸಂಭವ’ ಎಂದರೆ ಆಗುವುದೇ ಇಲ್ಲ ಎಂದರ್ಥವೇ?

ದಾವಣಗೆರೆ ಸುತ್ತಮುತ್ತ ಮೆಕ್ಕೆಜೋಳದ ಕೊಯ್ಲು ಮುಗಿಯುವ ಅಕ್ಟೋಬರ್, ನವೆಂಬರ್ ಹೊತ್ತಿಗೆ ಕಣ, ಮನೆಯಂಗಳ, ರಸ್ತೆಯಂಚು ಎಲ್ಲವೂ ಹಳದಿಯಾಗಿರುತ್ತವೆ. ಕಾಳಿನ ತೇವಾಂಶ ನೂರಕ್ಕೆ 14ರ ಆಸುಪಾಸಿಗೆ ಇಳಿಯದೆ ಮಾರುಕಟ್ಟೆಯಲ್ಲಿ ಒಳ್ಳೆಯ ದರ ಸಿಗದು. ಇಳಿಯಬೇಕಾದರೆ ಬಿಸಿಲು ಬೇಕು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿಯಿತೆಂದರೆ ಬಿಸಿಲಿನ ಲೆಕ್ಕವೆಲ್ಲ ತಲೆಕೆಳಗು. ಅಂಥದೊಂದು ಸಂಜೆ ನಮ್ಮ ಚಿಕ್ಕಪ್ಪನ ಮೊಬೈಲಿಗೆ ‘ನಾಳೆ ಮಳೆ ಅಸಂಭವ’ ಎಂಬ ಸಂದೇಶ ಬಂತು. ಅವರು ಅದನ್ನು ಎರಡು ಸಲ ಓದಿ, ರಾಶಿಗೆ ಹೊದಿಸಲು ತಂದಿಟ್ಟಿದ್ದ ತಾಡಪಾಲನ್ನು ಮಡಚಿ ಕೊಟ್ಟಿಗೆಯ ಅಟ್ಟಕ್ಕೆ ಹಾಕಿದರು. ಬೆಳಗಿನ ಜಾವ ಅರ್ಧ ಗಂಟೆ ಮಳೆ ಹೊಯ್ಯಿತು. ರಾಶಿಯ ಬುಡದಲ್ಲಿದ್ದ ಕಾಳುಗಳು ನಾಲ್ಕನೆಯ ದಿನ ಮೊಳಕೆಯ ಬಿಳಿ ತುದಿ ತೋರಿಸಿದವು.

‘ಬರಲ್ಲ ಅಂತ ಹಾಕಿದ್ರಲ್ಲಪ್ಪ’ ಎಂಬುದು ಚಿಕ್ಕಪ್ಪನ ದೂರು. ಸಂದೇಶ ಕಳುಹಿಸಿದವರನ್ನು ಕೇಳಿದ್ದರೆ ‘ಬರುವುದೇ ಇಲ್ಲವೆಂದು ನಾವೆಲ್ಲಿ ಹೇಳಿದೆವು’ ಎನ್ನುತ್ತಿದ್ದರೋ ಏನೋ. ಒಂದೇ ಪದವನ್ನು ಕಳುಹಿಸಿದವರು ‘ಬರುವ ಸಾಧ್ಯತೆ ಕಡಿಮೆ’ ಎಂಬ ಅರ್ಥದಲ್ಲಿ ಬರೆದಿದ್ದರು, ಓದಿದವರು ‘ಬರುವುದಿಲ್ಲ’ ಎಂಬ ಅರ್ಥದಲ್ಲಿ ತೆಗೆದುಕೊಂಡಿದ್ದರು. ಈ ಅಂತರ ಎಲ್ಲಿಂದ ಬಂತು, ಬೇರೆ ಭಾಷೆಗಳು ಇದೇ ಭಾವವನ್ನು ಹೇಗೆ ಹೇಳುತ್ತವೆ, ಆಡುಗನ್ನಡ ಇದನ್ನು ಹೇಳುವ ಬಗೆ ಯಾವುದು ಎಂಬುದನ್ನು ಬುಡದಿಂದ ನೋಡೋಣ.

ಅಸಾಧ್ಯ, ಅಸಂಭವ, ಅಪರೂಪ

ಈ ಮೂರನ್ನೂ ನಾವು ಒಂದರ ಬದಲಿಗೆ ಇನ್ನೊಂದನ್ನು ಬಳಸುತ್ತೇವಾದರೂ ಇವು ಹೇಳುವುದು ಬೇರೆ ಬೇರೆ. ಅಸಾಧ್ಯ ಎಂದರೆ ಸಾಧಿಸಲಾಗದ್ದು. ಅಲ್ಲಿ ಮಾಡುವವನ ಶಕ್ತಿಯ ಮಾತಿದೆ. ಅಪರೂಪ ಎಂಬುದು ಹಿಂದೆ ಎಷ್ಟು ಸಲ ಕಂಡಿದೆ ಎಂಬುದರ ಎಣಿಕೆ. ಅಸಂಭವ ಮುಂದಿನದರ ಬಗೆಗಿನ ನಮ್ಮ ನಿರೀಕ್ಷೆ: ಆಗಲಾರದೆಂದು ಹೇಳಲು ಬಾರದು, ಆದರೆ ಆಗುತ್ತದೆಂದು ನಂಬಿ ಕೂರುವ ಹಾಗೂ ಇಲ್ಲ.

ಚೌಕಾಬಾರದ ಮನೆ ಹಾಕಿ ಆಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ನಾಲ್ಕು ಕವಡೆಗಳನ್ನು ಒಟ್ಟಿಗೆ ಎಸೆದಾಗ ನಾಲ್ಕೂ ಮಗುಚಿ ಬಿದ್ದರೆ ಎಂಟು, ಅಂದರೆ ‘ಬಾರ’. ಪ್ರತಿಯೊಂದು ಕವಡೆಯೂ ಮೇಲ್ಮುಖವಾಗಿ ಇಲ್ಲವೆ ಕೆಳಮುಖವಾಗಿ ಸರಿಸಮನಾಗಿ ಬೀಳುತ್ತದೆಂದು ಲೆಕ್ಕಕ್ಕಾಗಿ ಹಿಡಿದುಕೊಂಡರೆ, ಒಟ್ಟು 16 ಬಗೆಗಳಲ್ಲಿ ಒಂದೇ ಒಂದು ಬಗೆ ಬಾರ. (ನಿಜವಾದ ಕವಡೆಯ ಬೆನ್ನು ಉಬ್ಬು, ಹೊಟ್ಟೆ ಚಪ್ಪಟೆಯಾದ್ದರಿಂದ ಲೆಕ್ಕ ಸ್ವಲ್ಪ ವಾಲುತ್ತದೆ, ಉಜ್ಜಿದ ಹುಣಸೆ ಬೀಜದಲ್ಲಿ ಇನ್ನೊಂದು ಬಗೆಯಾಗಿ ವಾಲುತ್ತದೆ.) ಈ ಒಂದು ಎಸೆತದಲ್ಲಿ ಬಾರ ಬೀಳುವುದು ಅಸಂಭವ. ಆದರೆ 16 ಸಲ ಎಸೆದರೆ ಒಮ್ಮೆಯಾದರೂ ಬಾರ ಬೀಳುವ ಸಾಧ್ಯತೆ ನೂರಕ್ಕೆ ಸುಮಾರು 64. ಅದೇ ನಾಲ್ಕು ಕವಡೆಯಲ್ಲಿ ಒಂಬತ್ತು ಬೀಳುವುದು ಮಾತ್ರ ಅಸಾಧ್ಯ. ಊರಿನವರೆಲ್ಲ ಸೇರಿ ಬೆಳಗಿನ ತನಕ ಎಸೆದರೂ ಬೀಳದು.

ಇಷ್ಟು ಸ್ಪಷ್ಟವಾದ ಗೆರೆ ಬಳಕೆಯಲ್ಲಿ ಅಳಿಸಿಹೋಗಿದೆ. ಶಾಲೆಯ ಗಣಿತದಲ್ಲಿ ಸಂಭವನೀಯತೆ ಸೊನ್ನೆಯಾಗಿರುವ ಘಟನೆಯನ್ನೇ ಅಸಂಭವ ಘಟನೆ ಎನ್ನುವುದುಂಟು. ಹಿಂದಿಯಲ್ಲಿಯೂ ‘ಅಸಂಭವ್’ ಎಂದರೆ ಆಗಲಾರದ್ದೇ. ಹೀಗಿರುವಾಗ ಇಂಗ್ಲಿಷಿನ ‘ಅನ್‌ಲೈಕ್ಲಿ’ಯನ್ನು ಕನ್ನಡಕ್ಕೆ ತರುವವರು ‘ಅಸಂಭವ’ ಎಂದು ಬರೆದುಬಿಟ್ಟರೆ, ನೂರಕ್ಕೆ ಇಪ್ಪತ್ತು ಎಂದಿದ್ದದ್ದು ಓದುಗನ ಕಿವಿಯಲ್ಲಿ ಸೊನ್ನೆಯಾಗುತ್ತದೆ. ಚಿಕ್ಕಪ್ಪ ಓದಿದ್ದರಲ್ಲಿ ತಪ್ಪಿರಲಿಲ್ಲ ಎಂದೇ ನನ್ನ ಅನಿಸಿಕೆ.

ಹುಟ್ಟಿನ ಅರ್ಥದಿಂದ ಹೊರಟ ಪದ

‘ಸಂಭವ’ದಲ್ಲಿ ಎರಡು ತುಂಡುಗಳಿವೆ. ‘ಭೂ’ ಎಂಬ ಸಂಸ್ಕೃತ ಧಾತುವಿಗೆ ಇರು, ಆಗು ಎಂದರ್ಥ. ‘ಸಂ’ ಎಂದರೆ ಕೂಡಿ, ಒಟ್ಟಾಗಿ. ಕೂಡಿ ಬಂದು ಆಗುವುದು ಸಂಭವ. ಹಳೆಯ ಬಳಕೆಯಲ್ಲಿ ಇದು ಹುಟ್ಟು ಎಂಬ ಅರ್ಥವನ್ನೇ ಹೆಚ್ಚಾಗಿ ಕೊಡುತ್ತಿತ್ತು: ಕಮಲದಲ್ಲಿ ಹುಟ್ಟಿದ ಬ್ರಹ್ಮ ಪದ್ಮಸಂಭವ, ಕೊಡದಲ್ಲಿ ಹುಟ್ಟಿದ ಅಗಸ್ತ್ಯ ಕುಂಭಸಂಭವ. ‘ಸಂಭವಾಮಿ ಯುಗೇ ಯುಗೇ’ ಎಂಬ ಗೀತೆಯ ಮಾತಿನಲ್ಲಿರುವುದೂ ಇದೇ, ‘ಯುಗಯುಗದಲ್ಲಿ ಹುಟ್ಟುತ್ತೇನೆ’ ಎಂದು. ಹುಟ್ಟುವುದು ಎಂಬಲ್ಲಿಂದ ನಡೆಯುವುದು, ಅಲ್ಲಿಂದ ನಡೆಯಬಹುದಾದದ್ದು ಎಂಬಲ್ಲಿಗೆ ಅರ್ಥ ಹರಿದುಬಂದಿದೆ. ಪತ್ರಿಕೆಗಳಲ್ಲಿ ‘ಅಪಘಾತ ಸಂಭವಿಸಿದೆ’ ಎಂದು ಓದುವಾಗ ನಡುವಿನ ಹಂತವೂ, ‘ಮಳೆ ಸಂಭವ’ ಎಂದು ಓದುವಾಗ ಕೊನೆಯ ಹಂತವೂ ಇಂದಿಗೂ ಜೊತೆಜೊತೆಯಾಗಿಯೇ ಬದುಕಿರುವುದು ಕಾಣುತ್ತದೆ.

ಇದೇ ಧಾತುವಿನ ಇನ್ನೊಂದು ಕೂಸು ‘ಸಂಭಾವನೆ’. ಭಾಷಣಕ್ಕೆ ಬಂದವರಿಗೆ, ಪೂಜೆ ಮಾಡಿಸಿದವರಿಗೆ ಲಕೋಟೆಯಲ್ಲಿಟ್ಟು ಕೊಡುವ ಹಣಕ್ಕೂ ಮಳೆ ಬರುವ ಸಾಧ್ಯತೆಗೂ ಏನು ಸಂಬಂಧ ಎಂದು ಯಾರಿಗಾದರೂ ಅನಿಸಬೇಕು. ಸಂಭಾವನೆ ಎಂದರೆ ಸಂಸ್ಕೃತದಲ್ಲಿ ಒಂದು ಕಡೆ ಹೀಗಿರಬಹುದೆಂದು ಎಣಿಸುವುದು, ಇನ್ನೊಂದು ಕಡೆ ಯೋಗ್ಯನೆಂದು ಎಣಿಸಿ ಗೌರವಿಸುವುದು. ಮೊದಲನೆಯದು ವ್ಯಾಕರಣಕ್ಕೆ ಹೋಯಿತು, ಎರಡನೆಯದು ಲಕೋಟೆಗೆ ಬಂತು. ‘ಸಂಭಾವಿತ ಮನುಷ್ಯ’ ಎನ್ನುವಾಗಲೂ ಈ ಎರಡನೆಯ ಅರ್ಥವೇ ಇದೆ.

ಇದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಇಂಗ್ಲಿಷಿನ ‘ಪ್ರಾಬಬಲ್’ ಲ್ಯಾಟಿನ್ನಿನ ‘ಪ್ರೊಬಾಬಿಲಿಸ್’ನಿಂದ ಬಂದದ್ದು. ಅದರ ಮೂಲದಲ್ಲಿರುವ ‘ಪ್ರೊಬಸ್’ ಎಂದರೆ ಒಳ್ಳೆಯವನು, ‘ಪ್ರೊಬಾರೆ’ ಎಂದರೆ ಪರೀಕ್ಷಿಸಿ ಒಪ್ಪುವುದು. ಮಧ್ಯಯುಗದ ಯುರೋಪಿನಲ್ಲಿ ಒಂದು ಅಭಿಪ್ರಾಯವನ್ನು ‘ಪ್ರಾಬಬಲ್’ ಎಂದರೆ ತಿಳಿದವರು, ಹಿರಿಯರು ಒಪ್ಪಿದ್ದು ಎಂಬ ಅರ್ಥವಿತ್ತೇ ಹೊರತು ಲೆಕ್ಕದ ಗಂಧ ಅದರಲ್ಲಿರಲಿಲ್ಲ. ಆ ಲೆಕ್ಕದ ಆರಂಭವನ್ನು ಸಾಮಾನ್ಯವಾಗಿ ಗುರುತಿಸುವುದು 1654ರಲ್ಲಿ, ಫ್ರಾನ್ಸಿನ ಪಾಸ್ಕಲ್ ಮತ್ತು ಫರ್ಮಾ ಎಂಬ ಇಬ್ಬರು ಗಣಿತಜ್ಞರು ಅರ್ಧಕ್ಕೆ ನಿಂತ ಜೂಜಿನ ಪಣವನ್ನು ನ್ಯಾಯವಾಗಿ ಹಂಚುವುದು ಹೇಗೆಂದು ಬರೆದುಕೊಂಡ ಪತ್ರಗಳಲ್ಲಿ. ಹಾಗಾಗಿ ‘ಇಂಪ್ರಾಬಬಲ್’ ಎಂಬ ಇಂದಿನ ಪದವನ್ನು ಬಿಡಿಸಿ ನೋಡಿದರೆ ಒಪ್ಪಿಗೆಗೆ ಯೋಗ್ಯವಲ್ಲದ್ದು ಎಂದಾಗುತ್ತದೆ. ಹಿಂದಿ, ಉರ್ದುವಿನ ‘ಶಾಯದ್’ ಕೂಡ ಇದೇ ಜಾಡಿನದು. ಪಾರಸಿಯಲ್ಲಿ ಅದರ ಮೂಲ ಕ್ರಿಯಾಪದಕ್ಕೆ ತಕ್ಕುದಾಗಿರು, ಯೋಗ್ಯವಾಗಿರು ಎಂದರ್ಥ. ‘ಶಾಯದ್ ಹೀ’ ಎಂದರೆ ಹಿಂದಿಯವರ ಅಸಂಭವ.

ನೋಟ, ನಂಬಿಕೆ, ದೂರ

ಎಲ್ಲ ಭಾಷೆಗಳೂ ಯೋಗ್ಯತೆಯ ದಾರಿಯನ್ನೇ ಹಿಡಿಯಲಿಲ್ಲ. ಇಂಗ್ಲಿಷಿನ ‘ಲೈಕ್ಲಿ’ ಬಂದದ್ದು ಸ್ಕ್ಯಾಂಡಿನೇವಿಯದ ಹಳೆಯ ನಾರ್ಸ್ ಭಾಷೆಯಿಂದ. ಅದರ ಒಳಗಿರುವ ‘ಲೀಕ್’ ಎಂಬ ಪದಕ್ಕೆ ಮೈ, ಆಕಾರ ಎಂದರ್ಥ. ಆಗುವ ಆಕಾರ ಕಾಣುತ್ತಿದೆ ಎಂದರೆ ಲೈಕ್ಲಿ, ಕಾಣುತ್ತಿಲ್ಲ ಎಂದರೆ ಅನ್‌ಲೈಕ್ಲಿ. ಜರ್ಮನ್ನಿನ ‘ಉನ್‌ವಾರ್‌ಶೈನ್‌ಲಿಶ್’ ಎಂಬ ಉದ್ದದ ಪದವನ್ನು ಬಿಡಿಸಿದರೆ ‘ನಿಜದಂತೆ ತೋರದ್ದು’ ಎಂದಷ್ಟೇ ಆಗುತ್ತದೆ. ಇದನ್ನು ಓದುವಾಗ ನನಗೆ ನೆನಪಾಗುವುದು ಮುಗಿಲು ನೋಡಿ ನಮ್ಮ ಕಡೆಯವರು ಆಡುವ ಮಾತು: ‘ಇವತ್ತು ಬರಂಗೆ ಕಾಣಲ್ಲ ಬಿಡಪ್ಪ.’ ಬರುವ ಹಾಗೆ ಕಾಣುವುದಿಲ್ಲ ಎಂಬ ಈ ಮಾತು ಜರ್ಮನ್ನಿನಿಂದ ಬಂದದ್ದೂ ಅಲ್ಲ, ಇಂಗ್ಲಿಷಿನಿಂದ ಬಂದದ್ದೂ ಅಲ್ಲ. ಮುಗಿಲಿನ ಕಡೆ ಕತ್ತೆತ್ತಿ ನೋಡುವ ಜನ ಎಲ್ಲಿದ್ದರೂ ಹೀಗೆಯೇ ಹೇಳುತ್ತಾರೆಂದು ತೋರುತ್ತದೆ.

ರಷ್ಯನ್ ಭಾಷೆ ನಂಬಿಕೆಯನ್ನು ಹಿಡಿಯಿತು. ಅಲ್ಲಿನ ‘ವೆರಾ’ ಎಂದರೆ ನಂಬಿಕೆ. ಅಸಂಭವವಾದದ್ದು ‘ಮಲೊವೆರೊಯಾತ್ನೊ’, ಅಂದರೆ ಕಡಿಮೆ ನಂಬಿಕೆಗೆ ದಕ್ಕುವಂಥದ್ದು. ‘ಮಲೊ’ ಎಂದರೆ ಕಡಿಮೆ ಎಂಬುದನ್ನು ಗಮನಿಸಬೇಕು. ನಮ್ಮ ‘ಅ’ ಪೂರ್ತಿ ಅಳಿಸಿಹಾಕುವ ಅಕ್ಷರ. ಅವರ ‘ಮಲೊ’ ಸ್ವಲ್ಪ ಉಳಿಸಿಕೊಳ್ಳುತ್ತದೆ.

ಅರಬ್ಬೀ ಭಾಷೆಯ ದಾರಿ ದಾವಣಗೆರೆಯ ಎಪಿಎಂಸಿ ಅಂಗಳಕ್ಕೇ ಬಂದು ಮುಟ್ಟುತ್ತದೆ. ಸಂಭವಕ್ಕೆ ಅಲ್ಲಿ ‘ಇಹ್ತಿಮಾಲ್’ ಎನ್ನುತ್ತಾರೆ. ಅದರ ಮೂಲವಾದ ಹ-ಮ-ಲ ಎಂಬ ಮೂರು ವ್ಯಂಜನಗಳಿಗೆ ಹೊರು ಎಂಬ ಅರ್ಥವಿದೆ. ಮಾತು ಎಷ್ಟು ಅರ್ಥವನ್ನು ಹೊರಬಲ್ಲದು, ಸನ್ನಿವೇಶ ಯಾವ ಫಲವನ್ನು ತಾಳಬಲ್ಲದು ಎಂಬುದರಿಂದ ಸಾಧ್ಯತೆಯ ಅರ್ಥ ಬೆಳೆಯಿತು. ಮೆಕ್ಕೆಜೋಳದ ಚೀಲವನ್ನು ಬೆನ್ನ ಮೇಲೆ ಹೊತ್ತು ಲಾರಿಗೆ ತುಂಬುವ ನಮ್ಮ ಹಮಾಲಿಯ ಹೆಸರೂ ಇದೇ ಮೂರು ವ್ಯಂಜನಗಳಿಂದ ಹುಟ್ಟಿದ್ದು. ಆದರೆ ಅಸಂಭವಕ್ಕೆ ಅರಬ್ಬೀಯಲ್ಲಿ ಬಳಸುವುದು ‘ಮುಸ್ತಬ್‌ಅದ್’, ಎಂದರೆ ದೂರವೆಂದು ಎಣಿಸಿದ್ದು. ನಾವೂ ‘ಅದೆಲ್ಲ ದೂರದ ಮಾತು’ ಎನ್ನುತ್ತೇವೆ.

ಕನ್ನಡದ ಕ್ರಿಯಾಪದದಲ್ಲಿಯೇ ಇರುವ ಅಳತೆ

ಕನ್ನಡದಲ್ಲಿ ‘ಅನ್‌ಲೈಕ್ಲಿ’ಗೆ ಸರಿಯಾದ ಪದವಿಲ್ಲವೆಂದು ಅನುವಾದಕರು ಆಗಾಗ ಹೇಳುವುದುಂಟು. ನಾಮಪದವನ್ನು ಹುಡುಕಿದರೆ ಸಿಗುವುದಿಲ್ಲ, ನಿಜ. ಕನ್ನಡ ಈ ಕೆಲಸವನ್ನು ಒಪ್ಪಿಸಿರುವುದು ಕ್ರಿಯಾಪದಕ್ಕೆ.

ಪ್ರೌಢಶಾಲೆಯಲ್ಲಿ ವಿಧ್ಯರ್ಥಕ, ನಿಷೇಧಾರ್ಥಕಗಳ ಜೊತೆ ಸಂಭಾವನಾರ್ಥಕ ಎಂಬುದನ್ನೂ ಓದಿರುತ್ತೇವೆ: ಬಂದಾನು, ಬಂದಾಳು, ಬಂದೀತು, ಬಂದಾವು. ಅಂಕ ಗಳಿಸಲು ಬಾಯಿಪಾಠ ಮಾಡಿ ಮರೆತ ಈ ರೂಪ ಮನೆಯಲ್ಲಿ ಇನ್ನೂ ಜೀವಂತವಾಗಿದೆ. ಮಗು ಕಟ್ಟೆಯ ಮೇಲೆ ಓಡುತ್ತಿದ್ದರೆ ತಾಯಿ ‘ಬಿದ್ದೀಯ, ಹುಷಾರು’ ಎನ್ನುತ್ತಾಳೆ. ಬೀಳುತ್ತೀಯ ಎಂದು ಅವಳು ಹೇಳುತ್ತಿಲ್ಲ. ಬೀಳುವುದು ಹೆಚ್ಚು ಸಂಭವವೆಂದೂ ಅಲ್ಲ. ಸಾಧ್ಯತೆ ಸಣ್ಣದು, ಆದರೆ ಲೆಕ್ಕಕ್ಕೆ ಹಿಡಿಯತಕ್ಕದ್ದು ಎಂಬಷ್ಟನ್ನೂ ಆ ಒಂದು ‘ಈಯ’ ಹೇಳುತ್ತದೆ.

ಇದರ ಸುತ್ತ ಇನ್ನೂ ಹಲವು ಮೆಟ್ಟಿಲುಗಳಿವೆ. ‘ಮಳೆ ಬರಬಹುದು’ ಎಂಬಲ್ಲಿ ಸಾಧ್ಯತೆ ತೆರೆದಿದೆ. ಅಂದ ಹಾಗೆ ಈ ‘ಬಹುದು’ ಎಂಬುದೇ ಹಳೆಯ ಕನ್ನಡದ ‘ಬರುವುದು’. ಅದರ ಎದುರಿನದು ‘ಬಾರದು’. ‘ಮಳೆ ಬಂದೀತು’ ಎಂದರೆ ಇನ್ನಷ್ಟು ಸಂಶಯ ಸೇರಿತು. ‘ಬಂದರೂ ಬಂದೀತು’ ಎಂದು ಇಮ್ಮಡಿಸಿದರೆ, ಬರಲಿಕ್ಕಿಲ್ಲವೆಂದು ಎಣಿಸಿದ್ದರೂ ಬಾಗಿಲನ್ನು ಪೂರ್ತಿ ಮುಚ್ಚಿಲ್ಲ ಎಂದರ್ಥ. ‘ಬರಲಿಕ್ಕಿಲ್ಲ’ ಎಂಬುದಂತೂ ‘ಅನ್‌ಲೈಕ್ಲಿ’ಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಮಾತು. ‘ಬರಲಾರದು’ ಎಂಬುದರ ಕಥೆ ಸ್ವಲ್ಪ ಬೇರೆ: ಅದರಲ್ಲಿರುವ ‘ಆರ್’ ಎಂಬ ಧಾತುವಿಗೆ ಶಕ್ತನಾಗು ಎಂದರ್ಥ, ಆದ್ದರಿಂದ ‘ಅವನು ಆ ಚೀಲ ಎತ್ತಲಾರ’ ಎಂಬಲ್ಲಿ ಇರುವುದು ಶಕ್ತಿಯ ಕೊರತೆ, ‘ಅವನು ಈ ಹೊತ್ತಿನಲ್ಲಿ ಬರಲಾರ’ ಎಂಬಲ್ಲಿ ಶಕ್ತಿಯ ಮಾತು ಹಿಂದೆ ಸರಿದು ಬರುವ ಸಂಭವವೇ ಕಡಿಮೆಯೆಂಬ ಅರ್ಥ ಮುಂದೆ ಬಂದಿದೆ. ಅಸಾಧ್ಯ ಅಸಂಭವದ ಕಡೆಗೆ ಸರಿಯುವುದನ್ನು ಈ ಒಂದೇ ಪ್ರತ್ಯಯದಲ್ಲಿ ನೋಡಬಹುದು. ಎಲ್ಲಕ್ಕೂ ಕೆಳಗಿನ ಮೆಟ್ಟಿಲು ‘ಬರುವುದಿಲ್ಲ’.

ಚಿಕ್ಕಪ್ಪನಿಗೆ ಬಂದ ಸಂದೇಶದಲ್ಲಿ ‘ನಾಳೆ ಮಳೆ ಬರಲಿಕ್ಕಿಲ್ಲ’ ಎಂದಿದ್ದರೆ ತಾಡಪಾಲು ಅಟ್ಟಕ್ಕೆ ಹೋಗುತ್ತಿತ್ತೋ ಇಲ್ಲವೋ ಎಂದು ನಾನು ಅವರನ್ನೇ ಕೇಳಿದೆ. ‘ಅದೆಂಗೆ, ಪಕ್ಕಕ್ಕೇ ಇಟ್ಕಂತಿದ್ದೆ’ ಎಂದರು.

‘ಅನುಮಾನ’ದ ಪಲ್ಟಿ

‘ಮಳೆ ಬರೋದು ಅನುಮಾನ’ ಎಂಬುದು ಇದೇ ಭಾವದ ಇನ್ನೊಂದು ದಿನಬಳಕೆಯ ಮಾತು. ಈಚೆಗೆ ಅದರ ಜಾಗವನ್ನು ‘ಡೌಟು’ ಆಕ್ರಮಿಸುತ್ತಿದೆ. ಭಾರತೀಯ ತರ್ಕಶಾಸ್ತ್ರದಲ್ಲಿ ಅನುಮಾನ ಎಂದರೆ ಸಂಶಯವಲ್ಲ, ಅದು ಸರಿಯಾದ ತಿಳಿವಳಿಕೆಗೆ ಒಂದು ಸಾಧನ. ಬೆಟ್ಟದ ಮೇಲೆ ಹೊಗೆ ಕಂಡಿತು. ಹೊಗೆ ಇದ್ದಲ್ಲಿ ಬೆಂಕಿ ಇರುತ್ತದೆ. ಆದ್ದರಿಂದ ಬೆಟ್ಟದ ಮೇಲೆ ಬೆಂಕಿಯಿದೆ. ಇದು ನೈಯಾಯಿಕರ ಅನುಮಾನ, ಕಣ್ಣಿಗೆ ಕಂಡದ್ದರಿಂದ ಕಾಣದ್ದನ್ನು ಖಚಿತವಾಗಿ ತಿಳಿಯುವುದು. ಹಿಂದಿಯಲ್ಲಿ ಅದು ಅಂದಾಜು ಎಂಬಲ್ಲಿಗೆ ಇಳಿಯಿತು. ಕನ್ನಡ, ತೆಲುಗುಗಳಲ್ಲಿ ಇನ್ನೂ ಕೆಳಗಿಳಿದು ಶಂಕೆಯೇ ಆಯಿತು. ಕಾಣದ್ದನ್ನು ಊಹಿಸಿ ಹೇಳುವವರ ಮಾತನ್ನು ನಮ್ಮ ಜನ ಎಷ್ಟು ನಂಬಿದರೆಂಬುದು ಈ ಇಳಿತದಲ್ಲಿ ಗೊತ್ತಾಗುತ್ತದೆ ಎಂದು ಹೇಳಿದರೆ ತಮಾಷೆಯಾದೀತು, ಪೂರ್ತಿ ಸುಳ್ಳಾಗಲಿಕ್ಕಿಲ್ಲ.

ಎತ್ತು ಈದಾಗ

ಪದ ಸಾಲದಾದಾಗ ಭಾಷೆ ಚಿತ್ರ ಕಟ್ಟುತ್ತದೆ. ಕೋಳಿಗೆ ಹಲ್ಲು ಬಂದಾಗ ಎಂದು ಫ್ರೆಂಚರು, ಬೆಟ್ಟದ ಮೇಲೆ ಏಡಿಯ ಜಾತಿಯ ಜೀವಿ ಸಿಳ್ಳೆ ಹೊಡೆದಾಗ ಎಂದು ರಷ್ಯನ್ನರು, ಮೀನು ಮರ ಹತ್ತಿದಾಗ ಎಂದು ತುರ್ಕರು ಹೇಳುತ್ತಾರೆ. ನಮ್ಮಲ್ಲಿ ಮೊಲದ ಕೊಂಬು, ಗಗನಕುಸುಮಗಳಿವೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಗಾದೆಯಿದೆ. ಇವೆಲ್ಲ ಅಸಾಧ್ಯದ ಚಿತ್ರಗಳು. ಅತ್ತಿಯ ಹೂವಿನದು ಮಾತ್ರ ಬೇರೆ. ಅತ್ತಿಮರ ಹೂ ಬಿಟ್ಟದ್ದನ್ನು ಯಾರೂ ಕಂಡಿಲ್ಲವೆಂದು ಅದನ್ನು ಕಾಣಸಿಗದ ವಸ್ತುವಿಗೆ ಹೋಲಿಸಿದರು. ಆದರೆ ಅತ್ತಿಯಲ್ಲಿ ಹೂಗಳಿರುವುದು ನಾವು ಕಾಯಿ ಎಂದುಕೊಳ್ಳುವ ಆ ಗುಂಡಿನ ಒಳಗೆ, ಸಾಸಿವೆಗಿಂತ ಸಣ್ಣವಾಗಿ, ನೂರಾರು. ಸಣ್ಣ ಕಣಜಗಳು ಒಳಹೊಕ್ಕು ಪರಾಗ ಮುಟ್ಟಿಸುತ್ತವೆ. ಕಣ್ಣಿಗೆ ಬೀಳದ್ದನ್ನು ಇಲ್ಲದ್ದೆಂದು ಎಣಿಸಿದ ಉದಾಹರಣೆ ಇದು.

ಪದಕ್ಕೆ ಅಂಕಿ ಕಟ್ಟಿದವರು

ಒಂದೇ ಪದವನ್ನು ಹತ್ತು ಜನ ಹತ್ತು ಬಗೆಯಾಗಿ ತಿಳಿಯುವುದು ರೈತರ ಕಣದಲ್ಲಿ ಮಾತ್ರ ನಡೆಯುವುದಲ್ಲ. 1951ರಲ್ಲಿ ಅಮೆರಿಕದ ಗುಪ್ತಚರ ವಿಭಾಗ ಯುಗೊಸ್ಲಾವಿಯದ ಮೇಲೆ ಆ ವರ್ಷ ದಾಳಿ ನಡೆಯುವುದು ‘ಗಂಭೀರ ಸಾಧ್ಯತೆ’ ಎಂದು ವರದಿ ಬರೆಯಿತು. ವರದಿಯ ಹೊಣೆ ಹೊತ್ತಿದ್ದ ಶೆರ್ಮನ್ ಕೆಂಟ್ ಎಂಬ ಅಧಿಕಾರಿಯ ಮನಸ್ಸಿನಲ್ಲಿ ಇದ್ದದ್ದು ನೂರಕ್ಕೆ 65ರಷ್ಟು. ಜೊತೆಯಲ್ಲಿ ಕೂತು ವರದಿಗೆ ಒಪ್ಪಿಗೆ ಕೊಟ್ಟವರನ್ನೇ ಕೇಳಿದಾಗ ಒಬ್ಬರು 20 ಎಂದರೆ ಇನ್ನೊಬ್ಬರು 80 ಎಂದರು. ಕೆಂಟ್ 1964ರಲ್ಲಿ ಬರೆದ ಲೇಖನದಲ್ಲಿ ಪದಗಳಿಗೆ ಅಂಕಿ ಗೊತ್ತುಮಾಡಬೇಕೆಂದು ವಾದಿಸಿದ.

ಆಮೇಲೆ ಹಲವು ಸಂಸ್ಥೆಗಳು ಹಾಗೆ ಗೊತ್ತುಮಾಡಿಕೊಂಡವು, ಆದರೆ ತಮ್ಮ ತಮ್ಮ ಅಳತೆಯಲ್ಲಿ. ಹವಾಮಾನ ಬದಲಾವಣೆಯನ್ನು ಕುರಿತ ವಿಶ್ವಸಂಸ್ಥೆಯ ಐಪಿಸಿಸಿ ವರದಿಗಳಲ್ಲಿ ‘ಅನ್‌ಲೈಕ್ಲಿ’ ಎಂದರೆ ನೂರಕ್ಕೆ 33ರವರೆಗೆ, ‘ವೆರಿ ಅನ್‌ಲೈಕ್ಲಿ’ ಎಂದರೆ 10ರವರೆಗೆ. ‘ಲೈಕ್ಲಿ’ ಶುರುವಾಗುವುದು 66ರಿಂದ. ಭಾರತೀಯ ಹವಾಮಾನ ಇಲಾಖೆಯ ಮುನ್ಸೂಚನೆಯಲ್ಲಿ ‘ಅನ್‌ಲೈಕ್ಲಿ’ ಎಂದರೆ 25ಕ್ಕಿಂತ ಕಡಿಮೆ, ‘ಲೈಕ್ಲಿ’ ಎಂದರೆ 25ರಿಂದ 50, ‘ವೆರಿ ಲೈಕ್ಲಿ’ 50ರಿಂದ 75, ‘ಮೋಸ್ಟ್ ಲೈಕ್ಲಿ’ 75ಕ್ಕಿಂತ ಹೆಚ್ಚು. ಹೀಗೆ ಒಂದು ಕಡೆ ‘ಲೈಕ್ಲಿ’ ಎನಿಸಿಕೊಳ್ಳುವ 30 ಇನ್ನೊಂದು ಕಡೆ ‘ಅನ್‌ಲೈಕ್ಲಿ’. ಇದರ ಜೊತೆಗೆ ‘ಅಲ್ಲಲ್ಲಿ ಮಳೆ’, ‘ಬಹುತೇಕ ಕಡೆ ಮಳೆ’ ಎಂಬ ಮಾತುಗಳು ಸಂಭವವನ್ನಲ್ಲ, ಎಷ್ಟು ಜಾಗದಲ್ಲಿ ಬೀಳುತ್ತದೆ ಎಂಬ ಹರಡುವಿಕೆಯನ್ನು ಹೇಳುತ್ತವೆ ಎಂಬುದು ನೆನಪಿರಲಿ. ಸುದ್ದಿಯಲ್ಲಿ ಇವೆರಡೂ ಒಂದೇ ವಾಕ್ಯದಲ್ಲಿ ಬರುವುದರಿಂದ ಕಲಸಿಹೋಗುವುದೇ ಹೆಚ್ಚು.

ಮಾರಿಕಣಿವೆ ಕೋಡಿ ಬಿದ್ದದ್ದು

ರೋಮಿನ ಕವಿ ಜುವೆನಲ್ ಕಾಣಸಿಗದ ವಸ್ತುವನ್ನು ‘ಕಪ್ಪು ಹಂಸದಂಥ ಅಪರೂಪದ ಹಕ್ಕಿ’ ಎಂದು ಕರೆದ. ಯುರೋಪಿನಲ್ಲಿ ಹಂಸವೆಂದರೆ ಬಿಳಿಯದೇ ಆದ್ದರಿಂದ ಕಪ್ಪು ಹಂಸ ಮೊಲದ ಕೊಂಬಿನ ಸಾಲಿಗೆ ಸೇರಿತ್ತು. 1697ರಲ್ಲಿ ಡಚ್ ನಾವಿಕ ವ್ಲಾಮಿಂಗ್‌ನ ತಂಡ ಪಶ್ಚಿಮ ಆಸ್ಟ್ರೇಲಿಯದ ನದಿಯೊಂದರಲ್ಲಿ ಕಪ್ಪು ಹಂಸಗಳನ್ನು ಕಂಡಿತು. ಅಸಾಧ್ಯವೆಂದು ಎಣಿಸಿದ್ದು ಅಪರೂಪ ಮಾತ್ರವಾಗಿತ್ತು, ಅದೂ ನೋಡುವವರು ನಿಂತ ಜಾಗದಿಂದ.

ಚಿತ್ರದುರ್ಗ ಜಿಲ್ಲೆಯವರಿಗೆ ಅಷ್ಟು ದೂರ ಹೋಗಬೇಕಾಗಿಲ್ಲ. ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ಮಾರಿಕಣಿವೆ, ಎಂದರೆ ವಾಣಿವಿಲಾಸ ಸಾಗರ, 1898ರಲ್ಲಿ ಕೆಲಸ ಶುರುವಾಗಿ 1907ರಲ್ಲಿ ಮುಗಿಯಿತು. 130 ಅಡಿ ತುಂಬಿದರೆ ಕೋಡಿ. 1933ರಲ್ಲಿ ಕೋಡಿ ಬಿತ್ತು. ಆಮೇಲೆ 89 ವರ್ಷ ಬೀಳಲಿಲ್ಲ. ಮೊದಲ ಸಲ ಕಂಡ ಹತ್ತು ವರ್ಷದ ಹುಡುಗ ಎರಡನೆಯ ಸಲ ಕಾಣಲು 99 ವರ್ಷ ಬದುಕಿರಬೇಕಿತ್ತು. ಇಷ್ಟು ವರ್ಷ ಕಾಣದಿದ್ದದ್ದು ಆಗುವುದೇ ಇಲ್ಲವೆಂದು ಜನ ತಿಳಿದರೆ ತಪ್ಪು ಹೇಳುವ ಹಾಗಿಲ್ಲ. 2022ರ ಸೆಪ್ಟೆಂಬರಿನಲ್ಲಿ ಕೋಡಿ ಬಿತ್ತು. 2025ರ ಜನವರಿಯಲ್ಲಿ ಮತ್ತೆ ಬಿತ್ತು.

89 ವರ್ಷಕ್ಕೊಮ್ಮೆ ಆದದ್ದು ಮೂರು ವರ್ಷ ತುಂಬುವ ಮೊದಲೇ ಮರಳಿ ಆದದ್ದು ಹೇಗೆಂಬುದಕ್ಕೆ ಉತ್ತರ ‘ಸಂಭವ’ ಎಂಬ ಪದದ ಒಳಗೇ ಇದೆ: ಕೂಡಿ ಬಂದು ಆಗುವುದು. ವೇದಾವತಿಯ ಹುಟ್ಟು ಬಾಬಾಬುಡನ್ ಬೆಟ್ಟಗಳ ಕಡೆಯಾದರೂ ಹರಿಯುವುದು ಬಯಲುಸೀಮೆಯಲ್ಲಿ. ದಾರಿಯಲ್ಲಿ ಅಯ್ಯನಕೆರೆ, ಮದಗದಕೆರೆಯಂಥವು ತುಂಬಿ ಮಿಕ್ಕದ್ದಷ್ಟೇ ಕಣಿವೆಗೆ ಬರಬೇಕು. ಬಂದದ್ದು ಸುಮಾರು 30 ಟಿಎಂಸಿಯ ಒಡಲನ್ನು ತುಂಬಬೇಕು. ಈಚಿನ ವರ್ಷಗಳಲ್ಲಿ ಮಳೆಯ ಜೊತೆ ಹಿಂದಿನ ವರ್ಷ ಉಳಿದ ನೀರೂ, ಭದ್ರಾ ಮೇಲ್ದಂಡೆ ಯೋಜನೆಯ ಕಾಲುವೆಯಿಂದ ಬಂದ ನೀರೂ ಸೇರಿದವು. ಹಳೆಯ 89 ವರ್ಷದ ಎಣಿಕೆ ಸರಿಯಾಗಿಯೇ ಇತ್ತು. ಆ ಎಣಿಕೆ ನಿಂತಿದ್ದ ನೆಲ ಬದಲಾಗಿತ್ತು.

ಮುಂಗಾರು ಹಿಡಿದು ಕಣಿವೆಯ ಮಟ್ಟ 120 ಅಡಿ ದಾಟಿತೆಂಬ ಸುದ್ದಿ ಬಂದರೆ ಹಿರಿಯೂರು ಬಸ್ಸಿನಲ್ಲಿ ಈಗ ‘ಈ ಸಲ ಕೋಡಿ ಬಿದ್ದೀತೇನು’ ಎಂದು ಒಬ್ಬರಲ್ಲ ಒಬ್ಬರು ಕೇಳುತ್ತಾರೆ. ಪಕ್ಕದ ಸೀಟಿನವರು ಕಿಟಕಿಯಾಚೆ ಮುಗಿಲು ನೋಡಿ ‘ಬಿದ್ದರೂ ಬಿದ್ದೀತು’ ಎನ್ನುತ್ತಾರೆ.